ಹರ್ಷದ ದಿನಚರಿ: ಪಿಯೆಟಿಸ್ಟ್ ಪರಂಪರೆ ಮತ್ತು ಕರ್ನಾಟಕದ ಬಾಸೆಲ್ ಮಿಶನ್

ಪೀಠಿಕೆ

ಕರ್ನಾಟಕದಲ್ಲಿ ಬಾಸೆಲ್ ಮಿಶನ್ ಸಂಸ್ಥೆಯ ಕಾರ್ಯವನ್ನು ಕುರಿತು ಈವರೆಗೆ ನಡೆದಿರುವ ಅಧ್ಯಯನಗಳು ಬಹುಮಟ್ಟಿಗೆ ಮೂರು ನೆಲೆಗಳಲ್ಲಿ ಸಾಗಿವೆ. ಮುದ್ರಣ, ಪತ್ರಿಕೆ ಮತ್ತು ನಿಘಂಟು ರಚನೆಯ ಮೂಲಕ ಕನ್ನಡಕ್ಕೆ ಸಂದ ಸೇವೆ ಒಂದು. ಹೆಂಚು ಮತ್ತು ನೇಯ್ಗೆಯ ಕಾರ್ಖಾನೆಗಳಿಂದಾದ ಆರ್ಥಿಕ ಬದಲಾವಣೆ ಮತ್ತೊಂದು. ಮತಾಂತರ ಮತ್ತು ಜಾತಿವ್ಯವಸ್ಥೆಯ ನಡುವಣ ಸಂಘರ್ಷ ಮೂರನೆಯದು. ಈ ಮೂರೂ ಅವಶ್ಯಕವಾದ ಅಧ್ಯಯನಗಳೇ. ಆದರೆ ಸಾವಿರಾರು ಮೈಲಿ ದೂರದಿಂದ ಬಂದ ಆ ಜನರನ್ನೂ ಅವರ ಮಾತಿಗೆ ಕಿವಿಗೊಟ್ಟು ಹೊಸ ಬದುಕನ್ನು ಕಟ್ಟಿಕೊಂಡ ಇಲ್ಲಿಯ ಕುಟುಂಬಗಳನ್ನೂ ಒಳಗಿನಿಂದ ಹಿಡಿದು ನಿಲ್ಲಿಸಿದ ಶಕ್ತಿ ಯಾವುದು ಎಂಬ ಪ್ರಶ್ನೆ ಹಿಂದೆಯೇ ಉಳಿದಿದೆ. ಮಿಶನರಿಗಳು ತಮ್ಮ ಧರ್ಮದ ಫಲವನ್ನು ಹೆಸರಿಸುವಾಗ ಮತ್ತೆ ಮತ್ತೆ ಬಳಸಿದ ಪದ 'ಸಂತೋಷ'. ಅದನ್ನು ಅವರು ಕ್ಷಣಿಕ ಭಾವಾವೇಶವೆಂದು ತಿಳಿಯದೆ, ಮುಂಜಾನೆಯಿಂದ ರಾತ್ರಿಯವರೆಗಿನ ಸಣ್ಣ ಸಣ್ಣ ರೂಢಿಗಳಿಂದ ಬೆಳೆಸಿಕೊಳ್ಳಬೇಕಾದ ಪೈರೆಂದು ತಿಳಿದಿದ್ದರು.

ಈ ಕಲ್ಪನೆ ಎಲ್ಲಿ ಹುಟ್ಟಿತು, ಯಾವ ಹಾದಿಯಲ್ಲಿ ಹದಗೊಂಡು ಕರಾವಳಿಗೆ ಬಂದಿತು, ಇಲ್ಲಿ ಯಾವ ರೂಪವನ್ನು ತಾಳಿತು, ಅದಕ್ಕಾಗಿ ಯಾರು ಯಾವ ಬೆಲೆಯನ್ನು ತೆತ್ತರು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಪದ ಮತ್ತು ಪರಿಕಲ್ಪನೆ

ಕ್ರೈಸ್ತ ಧರ್ಮಗ್ರಂಥದ ಹೊಸ ಒಡಂಬಡಿಕೆಯಲ್ಲಿ ಸಂತೋಷವನ್ನು ಸೂಚಿಸಲು ಮುಖ್ಯವಾಗಿ ಬಳಕೆಯಾಗಿರುವ ಗ್ರೀಕ್ ಪದ 'ಖಾರಾ'. ಕೃಪೆ ಎಂಬರ್ಥದ 'ಖಾರಿಸ್' ಪದವೂ ಇದೇ ಮೂಲಕ್ಕೆ ಸೇರಿದ್ದು. ಆದ್ದರಿಂದ ಆ ಭಾಷೆಯಲ್ಲಿ ಸಂತೋಷವೂ ಕೃಪೆಯೂ ಒಂದರ ಪಕ್ಕದಲ್ಲಿ ಒಂದು ನಿಲ್ಲುತ್ತವೆ. ಪೌಲನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಸಂತೋಷವನ್ನು ಆತ್ಮದ ಫಲಗಳಲ್ಲಿ ಎರಡನೆಯದಾಗಿ ಎಣಿಸಲಾಗಿದೆ. ಫಲವೆಂಬ ರೂಪಕವು ಕೃಷಿಯಿಂದ ಬಂದುದು. ಅದು ಒಂದು ದಿನದಲ್ಲಿ ಮಾಗುವುದಿಲ್ಲ, ಬೇಸಾಯಗಾರನು ಅದನ್ನು ಸೃಷ್ಟಿಸಲಾರನು, ಆದರೆ ಅವನು ಹೊಲಕ್ಕೆ ಹೋಗದಿದ್ದರೆ ಅದು ಕೈಗೂ ಸಿಗದು. ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಸಂತೋಷದ ಮಾತು ಪದೇ ಪದೇ ಬರುತ್ತದೆ. ಅದನ್ನು ಬರೆದಾಗ ಪೌಲನು ಸೆರೆಯಲ್ಲಿದ್ದನು. ಸುಖಕ್ಕೂ ಸಂತೋಷಕ್ಕೂ ಇರುವ ಅಂತರವನ್ನು ವಿವರಿಸುವಾಗ ಕ್ರೈಸ್ತ ಬೋಧಕರು ಈ ಒಂದು ಸಂಗತಿಯನ್ನು ಎಲ್ಲ ಕಾಲದಲ್ಲಿಯೂ ಮುಂದಿಟ್ಟಿದ್ದಾರೆ.

ಬಳ್ಳಾರಿಯಲ್ಲಿ ಲಂಡನ್ ಮಿಶನ್ ಪರವಾಗಿ 1810ರಿಂದ ನೆಲೆಸಿದ್ದ ಜಾನ್ ಹ್ಯಾಂಡ್ಸ್ ಮತ್ತು ಅವರ ಸಹಾಯಕರ ಶ್ರಮದಿಂದ 1831ರ ವೇಳೆಗೆ ಸಂಪೂರ್ಣ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಅನುವಾದಕರ ಮುಂದೆ ಕನ್ನಡದ ಪದಸಂಪತ್ತು ಹರಡಿಕೊಂಡಿತ್ತು. 'ಹರ್ಷ'ವು ಮೈನವಿರೇಳುವ ಅನುಭವವನ್ನು ಸೂಚಿಸುವ ಧಾತುವಿನಿಂದ ಬಂದುದು. 'ಸಂತೋಷ'ದ ಮೂಲದಲ್ಲಿ ತೃಪ್ತಿಯ, ಇಷ್ಟು ಸಾಕೆನ್ನುವ ಭಾವವಿದೆ. 'ಆನಂದ'ಕ್ಕೆ ಉಪನಿಷತ್ತುಗಳ ಕಾಲದಿಂದ ಬಂದ ತಾತ್ತ್ವಿಕ ಭಾರವಿದೆ. 'ನಲಿವು', 'ಹಿಗ್ಗು' ಎಂಬ ದೇಶ್ಯ ಪದಗಳು ಮನೆಮಾತಿನವು. ಕನ್ನಡ ಬೈಬಲ್ಲಿನಲ್ಲಿ 'ಸಂತೋಷ', 'ಆನಂದ', 'ಹರ್ಷ', 'ಉಲ್ಲಾಸ' ಇವೆಲ್ಲವೂ ಬಳಕೆಗೆ ಬಂದರೂ ನಿತ್ಯದ ಪ್ರಾರ್ಥನೆಯಲ್ಲಿ ನೆಲೆಯೂರಿದುದು ತೃಪ್ತಿಯ ಧಾತುವಿನಿಂದ ಹುಟ್ಟಿದ 'ಸಂತೋಷ'ವೇ. ಮುಂದೆ ವಿವರಿಸಲಿರುವ ದಿನಚರಿಯ ಸ್ವರೂಪಕ್ಕೆ ಈ ಪದ ಚೆನ್ನಾಗಿ ಒಪ್ಪುತ್ತದೆ.

ಮರುಭೂಮಿಯ ಗುಡಿಸಲಿನಿಂದ ಗೃಹಸ್ಥನ ಮನೆಗೆ

ಸಂತೋಷವನ್ನು ಅಭ್ಯಾಸದ ಮೂಲಕ ಕಾಪಾಡಿಕೊಳ್ಳಬೇಕೆಂಬ ಚಿಂತನೆಗೆ ಕ್ರೈಸ್ತ ಪರಂಪರೆಯಲ್ಲಿ ದೀರ್ಘ ಇತಿಹಾಸವಿದೆ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ವಾಸಿಸಿದ ಇವಾಗ್ರಿಯಸ್ ಎಂಬ ಸನ್ಯಾಸಿಯು ಸಾಧಕನನ್ನು ಕಾಡುವ ಎಂಟು ಕೆಟ್ಟ ಆಲೋಚನೆಗಳನ್ನು ಪಟ್ಟಿಮಾಡಿದನು. ಅವುಗಳಲ್ಲಿ ದುಃಖವೂ ಒಂದು, 'ಅಕೇದಿಯಾ' ಎಂಬುದು ಇನ್ನೊಂದು. ನಡುಹಗಲಿನಲ್ಲಿ ಸೂರ್ಯನು ಚಲಿಸದೆ ನಿಂತಂತೆ ತೋರುವುದು, ಗುಡಿಸಲು ಬೇಸರವಾಗುವುದು, ಮಾಡುತ್ತಿರುವ ಕೆಲಸ ನಿರರ್ಥಕವೆನಿಸುವುದು, ಬೇರೆಲ್ಲಿಗಾದರೂ ಹೊರಟುಹೋಗಬೇಕೆನಿಸುವುದು ಇದರ ಲಕ್ಷಣಗಳು. ಇದಕ್ಕೆ ಅವನು ಹೇಳಿದ ಪರಿಹಾರ ಸರಳವಾದುದು: ಇದ್ದ ಸ್ಥಳವನ್ನು ಬಿಡದಿರುವುದು, ಕೈಕೆಲಸವನ್ನು ನಿಲ್ಲಿಸದಿರುವುದು, ಗೊತ್ತಾದ ವೇಳೆಗೆ ಪ್ರಾರ್ಥಿಸುವುದು. ಆರನೆಯ ಶತಮಾನದಲ್ಲಿ ಇಟಲಿಯ ಬೆನೆಡಿಕ್ಟನು ರೂಪಿಸಿದ ಮಠನಿಯಮವು ಈ ಅನುಭವವನ್ನು ದಿನದ ವೇಳಾಪಟ್ಟಿಯಾಗಿ ಮಾರ್ಪಡಿಸಿತು. ಪ್ರಾರ್ಥನೆ, ಓದು, ದುಡಿಮೆ ಈ ಮೂರಕ್ಕೂ ಅದರಲ್ಲಿ ಗೊತ್ತಾದ ಗಳಿಗೆಗಳಿದ್ದವು.

ಈ ವೇಳಾಪಟ್ಟಿ ಸನ್ಯಾಸಿಗಳ ಸ್ವತ್ತಾಗಿದ್ದಿತು. ಅದನ್ನು ಗೃಹಸ್ಥನ ಮನೆಗೆ ತಂದವನು ಮಾರ್ಟಿನ್ ಲೂಥರ್. 1529ರಲ್ಲಿ ಅವನು ಪ್ರಕಟಿಸಿದ ಸಣ್ಣ ಪ್ರಶ್ನೋತ್ತರ ಪುಸ್ತಕದಲ್ಲಿ ಮನೆಯ ಯಜಮಾನನು ಹೆಂಡತಿ ಮಕ್ಕಳಿಗೂ ಆಳುಗಳಿಗೂ ಕಲಿಸಬೇಕಾದ ಬೆಳಗಿನ, ರಾತ್ರಿಯ ಹಾಗೂ ಊಟದ ಪ್ರಾರ್ಥನೆಗಳಿವೆ. ಬೆಳಗಿನ ಪ್ರಾರ್ಥನೆಯ ಕೊನೆಯಲ್ಲಿ, ಒಂದು ಹಾಡನ್ನು ಹಾಡಿ ಸಂತೋಷದಿಂದ ಕೆಲಸಕ್ಕೆ ಹೊರಡಬೇಕೆಂಬ ಸೂಚನೆಯಿದೆ. ರಾತ್ರಿಯ ಪ್ರಾರ್ಥನೆಯ ಕೊನೆಯಲ್ಲಿ, ನಿಶ್ಚಿಂತೆಯಿಂದ ಕೂಡಲೇ ಮಲಗಬೇಕೆಂಬ ಸೂಚನೆಯಿದೆ. ಸ್ವತಃ ತೀವ್ರವಾದ ವಿಷಣ್ಣತೆಯಿಂದ ಬಳಲಿದ ಲೂಥರನು ಸಂಗೀತವನ್ನು ಮನಸ್ಸಿನ ಕತ್ತಲೆಗೆ ಮದ್ದೆಂದು ಭಾವಿಸಿದ್ದನು. ಜರ್ಮನಿಯನ್ನು ಮೂವತ್ತು ವರ್ಷಗಳ ಯುದ್ಧವು 1618ರಿಂದ 1648ರವರೆಗೆ ಹಾಳುಗೆಡಹಿದಾಗ ಈ ಮದ್ದಿನ ಪರೀಕ್ಷೆಯಾಯಿತು. ಐವರು ಮಕ್ಕಳಲ್ಲಿ ನಾಲ್ವರನ್ನೂ 1668ರಲ್ಲಿ ಹೆಂಡತಿಯನ್ನೂ ಕಳೆದುಕೊಂಡ ಪೌಲ್ ಗೆರ್ಹಾರ್ಟ್ ಎಂಬ ಸಭಾಪಾಲಕನು ರಚಿಸಿದ ಗೀತೆಗಳು ಜರ್ಮನ್ ಮನೆಗಳ ನಿತ್ಯದ ಹಾಡುಗಳಾದವು. ದುಃಖವನ್ನು ಕಂಡವನೇ ಹರ್ಷದ ಹಾಡನ್ನು ಬರೆದನೆಂಬ ಸಂಗತಿ ಆ ಹಾಡುಗಳಿಗೆ ಪ್ರಾಮಾಣ್ಯವನ್ನು ಒದಗಿಸಿತು.

ಪಿಯೆಟಿಸ್ಟ್ ಚಳವಳಿ: ಹಾಲೆ ಮತ್ತು ಹೆರ್ನ್‌ಹುಟ್

ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಲೂಥರನ್ ಸಭೆಯು ಸಿದ್ಧಾಂತ ಚರ್ಚೆಯಲ್ಲಿ ಒಣಗುತ್ತಿದೆಯೆಂಬ ಅಸಮಾಧಾನದಿಂದ ಪಿಯೆಟಿಸ್ಟ್ ಚಳವಳಿ ತಲೆದೋರಿತು. ಫಿಲಿಪ್ ಯಾಕೋಬ್ ಸ್ಪೇನರ್ 1670ರಲ್ಲಿ ಫ್ರಾಂಕ್‌ಫರ್ಟಿನ ತನ್ನ ಮನೆಯಲ್ಲಿ ಬೈಬಲ್ ಓದುವ ಸಣ್ಣ ಕೂಟಗಳನ್ನು ಆರಂಭಿಸಿದನು. 1675ರಲ್ಲಿ ಸುಧಾರಣೆಯ ಯೋಜನೆಯೊಂದನ್ನು ಪ್ರಕಟಿಸಿದನು. ಅವನ ಹಾದಿಯಲ್ಲಿ ನಡೆದ ಔಗುಸ್ಟ್ ಹೆರ್ಮಾನ್ ಫ್ರಾಂಕೆ ಹಾಲೆ ನಗರದಲ್ಲಿ 1690ರ ದಶಕದಲ್ಲಿ ಅನಾಥಾಲಯ, ಶಾಲೆ, ಮುದ್ರಣಾಲಯ, ಔಷಧಾಲಯಗಳನ್ನು ಕಟ್ಟಿದನು. 1706ರಲ್ಲಿ ತರಂಗಂಬಾಡಿಗೆ ಬಂದ ಸೀಗನ್‌ಬಾಲ್ಗ್ ಮತ್ತು ಪ್ಲುಚಾವ್ ಈ ವಲಯದವರೇ. ಹಾಲೆಯ ಬೋಧನೆಯಲ್ಲಿ ಪಶ್ಚಾತ್ತಾಪದ ಹೋರಾಟಕ್ಕೆ ಹಿರಿಯ ಸ್ಥಾನವಿದ್ದಿತು. ಮನುಷ್ಯನು ಮೊದಲು ತನ್ನ ಪಾಪವನ್ನು ನೆನೆದು ನರಳಬೇಕು, ಆ ಬಳಿಕವೇ ಸಮಾಧಾನ ಎಂಬುದು ಅಲ್ಲಿಯ ಕ್ರಮ.

ಹಾಲೆಯಲ್ಲಿಯೇ ಓದಿದ ಕೌಂಟ್ ಜಿನ್ಜೆನ್‌ಡಾರ್ಫ್ ಈ ಕ್ರಮವನ್ನು ಒಪ್ಪಲಿಲ್ಲ. 1722ರಲ್ಲಿ ಮೊರೇವಿಯಾದಿಂದ ಓಡಿಬಂದ ನಿರಾಶ್ರಿತರಿಗೆ ತನ್ನ ಜಮೀನಿನಲ್ಲಿ ಆಶ್ರಯ ನೀಡಿ ಹೆರ್ನ್‌ಹುಟ್ ಎಂಬ ಊರಿನ ಸ್ಥಾಪನೆಗೆ ಕಾರಣನಾದ ಅವನು, ವಿಶ್ವಾಸಿಯ ಸಹಜ ಸ್ಥಿತಿ ಹರ್ಷವೆಂದು ಸಾರಿದನು. 1727ರಲ್ಲಿ ಅಲ್ಲಿಯ ಜನರು ದಿನದ ಇಪ್ಪತ್ತನಾಲ್ಕು ಗಂಟೆಗಳನ್ನೂ ತಮ್ಮಲ್ಲಿ ಹಂಚಿಕೊಂಡು ಸರದಿಯ ಪ್ರಾರ್ಥನೆಯನ್ನು ಆರಂಭಿಸಿದರು. 1728ರಲ್ಲಿ ಪ್ರತಿದಿನಕ್ಕೆ ಒಂದು ವಾಕ್ಯವನ್ನು ಮನೆಮನೆಗೆ ಮುಟ್ಟಿಸುವ ಪದ್ಧತಿ ಮೊದಲಾಯಿತು. 1731ರಿಂದ ಅದು 'ಲೋಸುಂಗೆನ್' ಎಂಬ ವಾರ್ಷಿಕ ಪುಸ್ತಕವಾಗಿ ಅಚ್ಚಾಗತೊಡಗಿತು. ಹಳೆಯ ಒಡಂಬಡಿಕೆಯ ವಾಕ್ಯಗಳನ್ನು ಚೀಟಿ ಎತ್ತಿ ಆರಿಸಿ, ಅದಕ್ಕೆ ಒಪ್ಪುವ ಹೊಸ ಒಡಂಬಡಿಕೆಯ ವಾಕ್ಯವನ್ನು ಜೊತೆಗೂಡಿಸುವ ಪದ್ಧತಿ ಇಂದಿಗೂ ನಡೆದುಬಂದಿದೆ. ಓದುಗನು ತನ್ನ ಮನಸ್ಸಿಗೆ ಹಿತವಾದ ವಾಕ್ಯವನ್ನು ತಾನೇ ಹುಡುಕಿಕೊಳ್ಳದೆ, ಆ ದಿನಕ್ಕೆ ಬಂದುದನ್ನು ಸ್ವೀಕರಿಸಬೇಕೆಂಬುದು ಇದರ ತಿರುಳು.

ಹೆರ್ನ್‌ಹುಟ್ ಪರಂಪರೆಯ ಇತಿಹಾಸದಲ್ಲಿ ಒಂದು ಎಚ್ಚರಿಕೆಯ ಅಧ್ಯಾಯವೂ ಇದೆ. 1740ರ ದಶಕದಲ್ಲಿ ಹೆರ್‌ನ್‌ಹಾಗ್ ಎಂಬ ಅವರ ಇನ್ನೊಂದು ವಸತಿಯಲ್ಲಿ ಹರ್ಷದ ಆಚರಣೆಯು ಅತಿರೇಕಕ್ಕೆ ಹೋಯಿತು. ಭಾವೋದ್ರೇಕದ ಹಾಡುಗಳು, ಆಡಂಬರದ ಉತ್ಸವಗಳು, ಮಕ್ಕಳಾಟದಂತಹ ನಡವಳಿಕೆಗಳು ಹೆಚ್ಚಿ ಕೊನೆಗೆ ಜಿನ್ಜೆನ್‌ಡಾರ್ಫನೇ ತಡೆಹಾಕಬೇಕಾಯಿತು. 1750ರಲ್ಲಿ ಆ ವಸತಿಯನ್ನು ತೆರವುಗೊಳಿಸುವ ಪ್ರಕ್ರಿಯೆ ಆರಂಭವಾಯಿತು. ಆ ಪಂಥದವರು ಈ ಅವಧಿಯನ್ನು 'ಜರಡಿ ಹಿಡಿದ ಕಾಲ'ವೆಂದು ಕರೆದರು. ಹಾಲೆಯ ಕಣ್ಣೀರು ಮತ್ತು ಹೆರ್‌ನ್‌ಹಾಗಿನ ಉನ್ಮಾದ ಇವೆರಡರ ನಡುವೆ ಸಮತೂಕದ ಹಾದಿಯನ್ನು ಹುಡುಕುವ ಹೊಣೆ ಮುಂದಿನ ತಲೆಮಾರಿಗೆ ಬಂದಿತು. ಈ ಪರಂಪರೆಯ ಪ್ರಭಾವ ಜರ್ಮನಿಯಾಚೆಗೂ ಹಬ್ಬಿತು. 1736ರಲ್ಲಿ ಅಟ್ಲಾಂಟಿಕ್ ಸಾಗರದ ಬಿರುಗಾಳಿಯಲ್ಲಿ ನಿರ್ಭೀತರಾಗಿ ಹಾಡುತ್ತಿದ್ದ ಮೊರೇವಿಯನ್ನರನ್ನು ಕಂಡು ಬೆರಗಾದ ಜಾನ್ ವೆಸ್ಲಿ 1738ರಲ್ಲಿ ಹೆರ್ನ್‌ಹುಟ್‌ಗೆ ಭೇಟಿ ನೀಡಿದನು. ಅವನ ಅನುಯಾಯಿಗಳ ಮಿಶನ್ ಮುಂದೆ ಮೈಸೂರು ಸೀಮೆಯಲ್ಲಿ ಕಾರ್ಯನಿರತವಾಯಿತು.

ವುರ್ಟೆಂಬರ್ಗ್, ಬಾಸೆಲ್ ಮತ್ತು ಬಾರದ 1836

ಸಮತೂಕದ ಹಾದಿಯನ್ನು ಬಹುಮಟ್ಟಿಗೆ ಕಂಡುಕೊಂಡವರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗಿನ ರೈತರು ಮತ್ತು ಕುಶಲಕರ್ಮಿಗಳು. 1743ರ ಸರ್ಕಾರಿ ಆಜ್ಞೆಯೊಂದು ಸಭೆಯ ಚೌಕಟ್ಟಿನೊಳಗೆ ಮನೆಗಳಲ್ಲಿ ಪ್ರಾರ್ಥನಾ ಕೂಟ ನಡೆಸಲು ಅಲ್ಲಿ ಅವಕಾಶ ನೀಡಿತು. ಈ ಕೂಟಗಳಿಗೆ ಜನರು ಇಟ್ಟ ಹೆಸರು 'ಗಂಟೆ'. ದುಡಿಮೆಯ ದಿನದಲ್ಲಿ ಬಿಡುವು ಮಾಡಿಕೊಂಡ ಒಂದು ಗಂಟೆಯೇ ಧರ್ಮಜೀವನದ ಘಟಕವಾಯಿತು. ಇಲ್ಲಿಯ ಶ್ರೇಷ್ಠ ವಿದ್ವಾಂಸ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ (1687–1752) ಹೊಸ ಒಡಂಬಡಿಕೆಯ ಪಾಠಶೋಧನೆಗೆ ಹೆಸರಾದವನು. ಅವನೇ ಪ್ರಕಟನೆಯ ಗ್ರಂಥವನ್ನು ಲೆಕ್ಕ ಹಾಕಿ, 1836ರಲ್ಲಿ ಸಾವಿರ ವರ್ಷಗಳ ಧರ್ಮರಾಜ್ಯದ ಉದಯವಾಗುವುದೆಂದು ಸೂಚಿಸಿದ್ದನು. 1815ರ ತಂಬೋರಾ ಜ್ವಾಲಾಮುಖಿಯ ಪರಿಣಾಮವಾಗಿ 1816ರಲ್ಲಿ ಬೇಸಗೆಯೇ ಬಾರದೆ ಕ್ಷಾಮ ತಲೆದೋರಿದಾಗ, ಕೊನೆಯ ಕಾಲ ಸಮೀಪಿಸಿತೆಂಬ ನಿರೀಕ್ಷೆಯೂ ಸೇರಿ ಅನೇಕ ಕುಟುಂಬಗಳು ವುರ್ಟೆಂಬರ್ಗನ್ನು ಬಿಟ್ಟು ರಷ್ಯದ ಕಡೆಗೆ ವಲಸೆ ಹೋದವು. ಈ ವಲಸೆಯನ್ನು ತಡೆಯುವ ಉದ್ದೇಶದಿಂದಲೇ 1819ರಲ್ಲಿ ಕೋರ್ನ್‌ಟಾಲ್ ಎಂಬ ಸ್ವತಂತ್ರ ಧಾರ್ಮಿಕ ವಸತಿಗೆ ರಾಜನ ಅನುಮತಿ ದೊರೆಯಿತು.

ಬಾಸೆಲ್ ಮಿಶನ್ ಹುಟ್ಟಿದುದು ಇದೇ ವಾತಾವರಣದಲ್ಲಿ. 1815ರಲ್ಲಿ ಹುನಿಂಗನ್ ಕೋಟೆಯ ಫಿರಂಗಿಗಳಿಂದ ಬಾಸೆಲ್ ನಗರವು ಪಾರಾದುದಕ್ಕೆ ಕೃತಜ್ಞತೆಯ ಕಾಣಿಕೆಯಾಗಿ ಅಲ್ಲಿಯ ಧರ್ಮಶೀಲ ನಾಗರಿಕರು ಈ ಸಂಸ್ಥೆಯನ್ನು ಆರಂಭಿಸಿದರೆಂದು ಅದರ ಪರಂಪರೆ ಹೇಳುತ್ತದೆ. 1816ರಲ್ಲಿ ತರಬೇತಿ ಶಾಲೆ ತೆರೆಯಿತು. ಹಣ ಸ್ವಿಸ್ ವರ್ತಕರದು. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ವುರ್ಟೆಂಬರ್ಗಿನ ಹಳ್ಳಿಗಳವರು. 1855ರಲ್ಲಿ ಆರಂಭವಾದ 'ಅರ್ಧ ಬಾಟ್ಸೆನ್' ವಂತಿಗೆ ಎಂಬ ಯೋಜನೆ ಈ ಮನೋಧರ್ಮಕ್ಕೆ ಒಳ್ಳೆಯ ನಿದರ್ಶನ. ದೊಡ್ಡ ದಾನವನ್ನು ಒಮ್ಮೆ ಪಡೆಯುವುದಕ್ಕಿಂತ ಬಡವರ ಮನೆಗಳಿಂದ ವಾರವಾರವೂ ಒಂದು ಚಿಲ್ಲರೆ ನಾಣ್ಯವನ್ನು ಕೂಡಿಸುವುದು ಅದರ ಕ್ರಮ. ಕೊಡುವುದೂ ಪ್ರಾರ್ಥನೆಯಂತೆ ಒಂದು ರೂಢಿಯಾಗಬೇಕೆಂಬ ನಂಬಿಕೆ ಇದರ ಹಿಂದಿದೆ.

ಸ್ಯಾಮುವೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದಿಳಿದರು. ಹೆರ್ಮನ್ ಮೋಗ್ಲಿಂಗ್ ಬಂದುದು 1836ರಲ್ಲಿ, ಅಂದರೆ ಬೆಂಗೆಲ್ ಸೂಚಿಸಿದ ವರ್ಷದಲ್ಲಿಯೇ. ಆ ವರ್ಷವು ಯಾವ ಅದ್ಭುತವನ್ನೂ ತೋರದೆ ಕಳೆದುಹೋಯಿತು. ಮಹಾದಿನವು ಬಾರದಿದ್ದರೂ ಮರುದಿನದ ಬೆಳಗಿನ ಪ್ರಾರ್ಥನೆ ತಪ್ಪಲಿಲ್ಲವೆಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ನಿರೀಕ್ಷೆ ಸುಳ್ಳಾದಾಗ ಅನೇಕ ಪಂಥಗಳು ಕುಸಿದಿವೆ. ಈ ಜನರು ಕುಸಿಯದಿರಲು ಅವರ ಸಂತೋಷವು ಕಾಲಗಣನೆಯ ಮೇಲೆ ಮಾತ್ರ ನಿಂತಿರದೆ ದಿನಚರಿಯ ಮೇಲೂ ನಿಂತಿದ್ದುದು ಒಂದು ಮುಖ್ಯ ಕಾರಣವೆನ್ನಬಹುದು.

ಕರಾವಳಿಯಲ್ಲಿ ರೂಪುಗೊಂಡ ದಿನಚರಿ

ಮಂಗಳೂರು, ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಉಡುಪಿ ಮೊದಲಾದೆಡೆ ನೆಲೆಗೊಂಡ ಸಭೆಗಳಲ್ಲಿ ಈ ದಿನಚರಿಯ ಮುಖ್ಯ ಅಂಗಗಳು ನಾಲ್ಕು: ಮನೆಪ್ರಾರ್ಥನೆ, ಹಾಡು, ಓದು ಮತ್ತು ದುಡಿಮೆ.

ಬೆಳಿಗ್ಗೆ ಮತ್ತು ರಾತ್ರಿ ಮನೆಯವರೆಲ್ಲರೂ ಒಟ್ಟುಗೂಡಿ ಒಂದು ಹಾಡು ಹಾಡಿ, ಧರ್ಮಗ್ರಂಥದ ಒಂದು ಭಾಗವನ್ನು ಓದಿ, ಪ್ರಾರ್ಥಿಸುವುದು ಮನೆಪ್ರಾರ್ಥನೆಯ ಕ್ರಮ. ಇದು ಕರಾವಳಿಗೆ ಸಂಪೂರ್ಣ ಅಪರಿಚಿತವಾದುದೇನಲ್ಲ. ಅಲ್ಲಿಯ ಕೊಂಕಣಿ ಕಥೋಲಿಕರ ಮನೆಗಳಲ್ಲಿ ಸಂಜೆ 'ತೇರ್ಸ್' ಹೇಳಿ, ಕೊನೆಯಲ್ಲಿ ಮಕ್ಕಳು ಹಿರಿಯರಿಂದ 'ಬೆಸಾಂವ್' ಪಡೆಯುವ ಪದ್ಧತಿ ಮೊದಲೇ ಇತ್ತು. ಹಿಂದೂ ಮನೆಗಳಲ್ಲಿ ಮುಸ್ಸಂಜೆ ದೀಪ ಹಚ್ಚಿ ಭಜನೆ ಮಾಡುವ ರೂಢಿಯಿತ್ತು. ಪ್ರೊಟೆಸ್ಟಂಟರ ಮನೆಪ್ರಾರ್ಥನೆಯಲ್ಲಿ ಹೊಸದಾಗಿದ್ದುದು ಓದಿನ ಕಡ್ಡಾಯ. ಮನೆಯಲ್ಲಿ ಒಬ್ಬರಿಗಾದರೂ ಅಕ್ಷರ ಬರಬೇಕಾಯಿತು. ಹೆಚ್ಚಿನ ಕುಟುಂಬಗಳು ಅಕ್ಷರದಿಂದ ದೂರ ಇಡಲ್ಪಟ್ಟ ಸಮುದಾಯಗಳಿಂದ ಬಂದವುಗಳಾದ್ದರಿಂದ, ಶಾಲೆಯಲ್ಲಿ ಕಲಿತ ಮಗನೋ ಮಗಳೋ ಓದುವುದು, ತಂದೆತಾಯಿಗಳು ಕೇಳುವುದು ಸಹಜವಾಯಿತು. ಹೆಣ್ಣುಮಗಳ ಓದಿಗೆ ಮನೆಯೊಳಗೆ ಗೌರವ ದೊರೆತ ಸಂದರ್ಭಗಳಲ್ಲಿ ಇದೂ ಒಂದು.

ಹಾಡಿನ ವಿಷಯದಲ್ಲಿ ಮಿಶನ್ ಎರಡು ದಾರಿಗಳನ್ನು ಹಿಡಿಯಿತು. ಜರ್ಮನ್ ಸಭೆಗಳ ಹಾಡುಗಳನ್ನು ಅವುಗಳ ರಾಗಗಳೊಂದಿಗೇ ಕನ್ನಡಕ್ಕೆ ತರುವುದು ಒಂದು ದಾರಿ. ಜರ್ಮನ್ ಛಂದಸ್ಸಿನ ಒತ್ತುಗಳಿಗೆ ಕನ್ನಡದ ಲಘುಗುರುಗಳನ್ನು ಹೊಂದಿಸುವುದು ಸುಲಭವಾಗಿರಲಿಲ್ಲ. ದೇಶೀಯ ಮಟ್ಟು ಮತ್ತು ಛಂದಸ್ಸುಗಳನ್ನೇ ಅವಲಂಬಿಸುವುದು ಇನ್ನೊಂದು ದಾರಿ. 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್ 1862ರಲ್ಲಿ ಪ್ರಕಟಿಸಿದ 'ಕಥಾಮಾಲೆ'ಯಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಪದ್ಯರೂಪದಲ್ಲಿ ನಿರೂಪಿಸಿದರು. ಮೋಗ್ಲಿಂಗ್ 1850ರಲ್ಲಿಯೇ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ್ದರು. ಭಕ್ತಿಯ ಆನಂದವನ್ನು ಬೀದಿಯಲ್ಲಿ ನಡೆಯುತ್ತ ಹಾಡಿದ ದಾಸರ ಪರಂಪರೆಯು ಮಿಶನರಿಯೊಬ್ಬರ ಕೈಯಿಂದ ಮೊದಲ ಬಾರಿಗೆ ಮುದ್ರಣದ ಬೆಳಕನ್ನು ಕಂಡಿತೆಂಬುದು ಅರ್ಥಪೂರ್ಣ ಸಂಗತಿ. ಆ ಪದಗಳ ತತ್ತ್ವವನ್ನು ಅವರು ಒಪ್ಪದಿರಬಹುದು. ಆದರೆ ನಿತ್ಯವೂ ಹಾಡುವ ಜನಕ್ಕೆ ಹಾಡೇ ಧರ್ಮದ ಪಾಠವೆಂಬುದನ್ನು ಲೂಥರನ ಪರಂಪರೆಯಲ್ಲಿ ಬೆಳೆದವರು ಬೇಗನೆ ಗುರುತಿಸಿದರು.

ಓದಿನ ಸಾಮಗ್ರಿಯನ್ನು 1841ರಲ್ಲಿ ಸ್ಥಾಪಿತವಾದ ಮಂಗಳೂರಿನ ಮುದ್ರಣಾಲಯವು ಒದಗಿಸಿತು. ಯೋಹಾನ್ನೆಸ್ ಗೋಸ್ನರ್ 1812ರಲ್ಲಿ ಜರ್ಮನಿಯಲ್ಲಿ ಪ್ರಕಟಿಸಿದ ಸಚಿತ್ರ ಪುಸ್ತಿಕೆ ಕನ್ನಡದಲ್ಲಿ 'ಹೃದಯ ದರ್ಪಣ'ವೆಂಬ ಹೆಸರಿನಿಂದ ಬಂದಿತು. ಮನುಷ್ಯನ ಹೃದಯದೊಳಗೆ ನವಿಲು, ಹಾವು, ಹುಲಿ, ಹಂದಿ ಮೊದಲಾದ ಪ್ರಾಣಿಗಳು ದುರ್ಗುಣಗಳ ಸಂಕೇತವಾಗಿ ಕುಳಿತಿರುತ್ತವೆ; ಬೆಳಕು ಪ್ರವೇಶಿಸಿದಂತೆ ಅವು ಒಂದೊಂದಾಗಿ ಹೊರಬೀಳುತ್ತವೆ. ಒಮ್ಮೆ ಹೊರಬಿದ್ದವು ಅಜಾಗರೂಕತೆಯಿಂದ ಮತ್ತೆ ಒಳಸೇರುವ ಚಿತ್ರವೂ ಅದರಲ್ಲಿದೆ. ಹರ್ಷವು ಒಮ್ಮೆ ಗಳಿಸಿಟ್ಟರೆ ಮುಗಿಯುವ ಸಂಪತ್ತಲ್ಲ, ನಿತ್ಯವೂ ಕಾಯಬೇಕಾದ ಬಾಗಿಲು ಎಂಬುದನ್ನು ಓದುಬರಹ ತಿಳಿಯದವನಿಗೂ ಮನಗಾಣಿಸುವ ಶಕ್ತಿ ಆ ಚಿತ್ರಗಳಿಗಿದ್ದಿತು.

ದುಡಿಮೆಯು ಈ ದಿನಚರಿಯ ನಾಲ್ಕನೆಯ ಅಂಗ. 1851ರಲ್ಲಿ ಮಂಗಳೂರಿಗೆ ಬಂದ ಜಾನ್ ಹಾಲರ್ ನೇಯ್ಗೆ ಶಾಲೆಯನ್ನು ಬೆಳೆಸಿದರು. 1865ರಲ್ಲಿ ಗಿಯೋರ್ಗ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಕಾರ್ಖಾನೆಗಳ ದಿನವು ಪ್ರಾರ್ಥನೆಯಿಂದ ಮೊದಲಾಗುತ್ತಿತ್ತು, ಭಾನುವಾರ ಕೆಲಸವಿರಲಿಲ್ಲ. ಪ್ರಾರ್ಥನೆ ಮುಗಿಸಿ ಸಂತೋಷದಿಂದ ಕೆಲಸಕ್ಕೆ ಹೋಗಬೇಕೆಂಬ 1529ರ ಸೂಚನೆಯು ಮೂರು ಶತಮಾನಗಳ ಬಳಿಕ ನೇತ್ರಾವತಿಯ ದಂಡೆಯಲ್ಲಿ ಕಾರ್ಖಾನೆಯ ಗಂಟೆಯೊಡನೆ ಜೋಡಿಸಲ್ಪಟ್ಟಿತು. 1904–05ರಲ್ಲಿ ಪ್ರಕಟವಾದ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ಮ್ಯಾಕ್ಸ್ ವೇಬರ್, ಜರ್ಮನ್ ಪಿಯೆಟಿಸ್ಟರು ಮೋಕ್ಷದ ಆನಂದವನ್ನು ಈ ಲೋಕದಲ್ಲಿಯೇ ಭಾವದ ಮೂಲಕ ಸವಿಯಲು ಬಯಸಿದುದರಿಂದ ಅವರ ದುಡಿಮೆಯ ಶಿಸ್ತು ಕ್ಯಾಲ್ವಿನ್ ಪಂಥದವರಷ್ಟು ಬಿಗಿಯಾಗಲಿಲ್ಲವೆಂದು ವಾದಿಸಿದನು. ಮಂಗಳೂರಿನ ನಿದರ್ಶನವನ್ನು ನೋಡಿದರೆ ಈ ವಾದಕ್ಕೆ ಸ್ವಲ್ಪ ತಿದ್ದುಪಡಿ ಬೇಕೆನಿಸುತ್ತದೆ. ಇಲ್ಲಿ ಭಾವ ಮತ್ತು ಶಿಸ್ತು ಪರಸ್ಪರ ವಿರೋಧಿಗಳಾಗದೆ ಒಂದೇ ದಿನದ ಎರಡು ಗಳಿಗೆಗಳಾಗಿ ಕೂಡಿಕೊಂಡವು.

ತೆತ್ತ ಬೆಲೆ

ಈ ಚಿತ್ರವನ್ನು ಇಷ್ಟಕ್ಕೇ ನಿಲ್ಲಿಸಿದರೆ ಅದು ಅರ್ಧಸತ್ಯವಾಗುತ್ತದೆ. ಹೊಸ ಸಂತೋಷವನ್ನು ಸ್ವೀಕರಿಸಿದವರು ಹಳೆಯ ಸಂತೋಷಗಳನ್ನು ಬಿಡಬೇಕಾಯಿತು. ತುಳುನಾಡಿನಲ್ಲಿ ಮಿಶನ್ ಸಭೆಗಳನ್ನು ಸೇರಿದವರಲ್ಲಿ ಬಿಲ್ಲವರು ಗಣನೀಯ ಸಂಖ್ಯೆಯಲ್ಲಿದ್ದರು. ಅವರ ಮೂರ್ತೆಗಾರಿಕೆಯನ್ನು ಮಿಶನ್ ಒಪ್ಪಲಿಲ್ಲ. ಆದ್ದರಿಂದಲೇ ಕಾರ್ಖಾನೆಯ ಕೆಲಸ ಅನಿವಾರ್ಯವಾಯಿತು. ಭೂತಕೋಲ, ನೇಮಗಳ ರಾತ್ರಿಗಳು ಅವರ ಪಾಲಿಗೆ ಮುಚ್ಚಿದವು. ಊರೆಲ್ಲ ಸೇರುವ ಅಂಗಳದಲ್ಲಿ ತಮ್ಮವರ ನಡುವೆ ನಿಲ್ಲುವ ಸಂತೋಷವು ಸಣ್ಣದಲ್ಲ. ಅದರ ಬದಲಿಗೆ ದೊರೆತ ಕ್ರಿಸ್ಮಸ್, ಸುಗ್ಗಿಯ ಕೃತಜ್ಞತಾ ಆರಾಧನೆ, ಹಾಡಿನ ಕೂಟಗಳು ಕಾಲಕ್ರಮದಲ್ಲಿ ನೆಲೆಯೂರಿದರೂ, ಮೊದಲ ತಲೆಮಾರಿನವರ ಕಿವಿಗೆ ದೂರದ ತೆಂಬರೆಯ ದನಿ ಬೀಳುತ್ತಲೇ ಇದ್ದಿರಬೇಕು.

ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ 1844ರ ಜನವರಿಯಲ್ಲಿ ಇನ್ನಿಬ್ಬರೊಡನೆ ದೀಕ್ಷಾಸ್ನಾನ ಪಡೆದಾಗ ಮಂಗಳೂರಿನಲ್ಲಿ ದೊಡ್ಡ ಕೋಲಾಹಲವಾಯಿತು. ಮನೆ, ಬಂಧುವರ್ಗ, ಜಾತಿ ಎಲ್ಲವೂ ಅವರಿಂದ ದೂರವಾದವು. ಬಾಸೆಲ್‌ನಲ್ಲಿ ಓದಿ 1851ರಲ್ಲಿ ಮರಳಿದ ಅವರು ಜೀವನದ ಕೊನೆಯವರೆಗೆ ಸಭೆಯ ಸೇವೆಯಲ್ಲಿ ನಿಂತರು. ಮೋಗ್ಲಿಂಗ್ 1853ರಲ್ಲಿ ಕೊಡಗಿಗೆ ಹೋದ ಬಳಿಕ ಅಲ್ಲಿಯ ದಲಿತ ಕುಟುಂಬಗಳಿಗಾಗಿ ಕಟ್ಟಿದ ವಸತಿಯ ಹೆಸರು ಆನಂದಪುರ. ಆ ಹೆಸರಿನಲ್ಲಿ ಸಂತೋಷದ ಅರ್ಥವೂ, ಆ ಕಾರ್ಯಕ್ಕೆ ನೆರವಾದ ಆನಂದರಾಯರ ನೆನಪೂ ಒಟ್ಟಿಗೆ ಧ್ವನಿಸುತ್ತವೆ. ಬ್ರಾಹ್ಮಣ್ಯವನ್ನು ಕಳೆದುಕೊಂಡವನ ನೆರವಿನಿಂದ ಭೂಮಿಯಿಲ್ಲದವರು ನೆಲೆ ಪಡೆದ ಆ ಊರು, ಈ ಇತಿಹಾಸದ ನಷ್ಟ ಮತ್ತು ಲಾಭಗಳೆರಡನ್ನೂ ಒಂದೆಡೆ ತೋರಿಸುತ್ತದೆ.

ಮಿಶನರಿಗಳೂ ಬೆಲೆ ತೆರದೆ ಉಳಿಯಲಿಲ್ಲ. ಬಾಸೆಲ್‌ನ ಆಡಳಿತ ಸಮಿತಿ ತನ್ನವರ ಮೇಲೆ ಕಠಿಣವಾದ ಹಿಡಿತವನ್ನು ಇರಿಸಿಕೊಂಡಿತ್ತು. ಸಮಿತಿಯ ಅನುಮತಿಯಿಲ್ಲದೆ ಮದುವೆ ಸಾಧ್ಯವಿರಲಿಲ್ಲ. ಅನೇಕ ವಧುಗಳು ವರನನ್ನು ಕಾಣದೆಯೇ ಹಡಗು ಹತ್ತಿ ಬಂದರು. ಯೋಸೆಫ್ ಯೋಸೆನ್‌ಹಾನ್ಸ್ ಮುಖ್ಯಸ್ಥನಾಗಿದ್ದ 1850ರಿಂದ 1879ರ ಅವಧಿಯಲ್ಲಿ ನಿಯಮಗಳು ಇನ್ನಷ್ಟು ಬಿಗಿಯಾದವು. ಮಿಶನರಿಗಳ ಮಕ್ಕಳನ್ನು ಎಳೆವಯಸ್ಸಿನಲ್ಲಿಯೇ ಬಾಸೆಲ್‌ನ ಮಕ್ಕಳ ನಿಲಯಕ್ಕೆ ಕಳುಹಿಸುವ ಪದ್ಧತಿ ಬೇರೂರಿತು. ಬೆಳಗಿನ ಪ್ರಾರ್ಥನೆಯಲ್ಲಿ ಸಂತೋಷಕ್ಕಾಗಿ ಸ್ತುತಿಸಿದ ತಾಯಿಯೇ ಸಮುದ್ರದಾಚೆಯ ಮಗುವಿಗಾಗಿ ಅಳುತ್ತಿದ್ದ ಮನೆಗಳು ಅವು. ಈ ದಿನಚರಿಯು ಅವರ ದುಃಖವನ್ನು ಅಳಿಸಿತೆಂದು ಹೇಳಲಾಗದು. ಅದನ್ನು ಹೊತ್ತು ನಡೆಯುವ ಬಲವನ್ನು ನೀಡಿತೆನ್ನಬಹುದು.

ರೂಢಿಯನ್ನು ಒಂದು ತಲೆಮಾರು ಮುಂದಿನದಕ್ಕೆ ಒಪ್ಪಿಸಬಹುದು, ಅದರೊಳಗಿನ ಹರ್ಷವನ್ನು ಒಪ್ಪಿಸಲಾಗದು ಎಂಬುದಕ್ಕೆ ಕಾದಂಬರಿಕಾರ ಹೆರ್ಮನ್ ಹೆಸ್ಸೆಯ ಬಾಲ್ಯ ಸಾಕ್ಷಿಯಾಗಿದೆ. ತಲಚೇರಿಯ ಹೆರ್ಮನ್ ಗುಂಡರ್ಟ್ ಅವನ ತಾಯಿಯ ತಂದೆ. ತಾಯಿ ಮಾರಿ 1842ರಲ್ಲಿ ಕೇರಳದಲ್ಲಿಯೇ ಹುಟ್ಟಿದವಳು. ತಂದೆ ಯೋಹಾನ್ನೆಸ್ ಹೆಸ್ಸೆ 1869ರಿಂದ 1873ರವರೆಗೆ ಪಶ್ಚಿಮ ಕರಾವಳಿಯಲ್ಲಿ ಬಾಸೆಲ್ ಮಿಶನರಿಯಾಗಿದ್ದನು. ವುರ್ಟೆಂಬರ್ಗಿನ ಕಾಲ್ವ್ ಪಟ್ಟಣದ ಪ್ರಾರ್ಥನೆ ಮತ್ತು ಶಿಸ್ತಿನ ಮನೆಯಲ್ಲಿ ಬೆಳೆದ ಹುಡುಗ 1892ರಲ್ಲಿ ಮೌಲ್‌ಬ್ರೋನ್ ಧರ್ಮಶಾಲೆಯಿಂದ ಓಡಿಹೋದನು. ಶಿಸ್ತಿನಡಿ ನಲುಗಿದ ಬಾಲಕನೊಬ್ಬನ ಕಥೆಯನ್ನು ಅವನು 1906ರಲ್ಲಿ ಕಾದಂಬರಿಯಾಗಿ ಪ್ರಕಟಿಸಿದನು. ತಾಯಿತಂದೆಯರಿಗೆ ಆಸರೆಯಾಗಿದ್ದ ಅದೇ ದಿನಚರಿ ಮಗನಿಗೆ ಸೆರೆಯಾಗಿ ಕಂಡಿತು.

1914ರ ಪರೀಕ್ಷೆ

ಒಂದನೆಯ ಮಹಾಯುದ್ಧವು ಈ ಪರಂಪರೆಯನ್ನು ಇಲ್ಲಿಯ ನೆಲದಲ್ಲಿ ಒರೆಗೆ ಹಚ್ಚಿತು. 1914ರ ನಂತರ ಜರ್ಮನ್ ಮಿಶನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿರಿಸಿ ಬಳಿಕ ದೇಶದಿಂದ ಕಳುಹಿಸಿತು. ಕಾರ್ಖಾನೆಗಳ ಒಡೆತನ ಮಿಶನ್ನಿನ ಕೈತಪ್ಪಿ ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಸಂಸ್ಥೆಗೆ ಹೋಯಿತು. ಗುರುಗಳಿಲ್ಲ, ಹೊರಗಿನ ಹಣವಿಲ್ಲ, ಕೆಲಸದ ಭರವಸೆಯೂ ಇಲ್ಲ. ಮಿಶನ್ನಿನ ಆಶ್ರಯಕ್ಕಾಗಿಯೇ ಜನರು ಸ್ವೀಕರಿಸಿದ ಧರ್ಮವಾಗಿದ್ದಲ್ಲಿ ಅದು ಆಗಲೇ ಕರಗಬೇಕಿತ್ತು. ಹಾಗಾಗಲಿಲ್ಲ. ಸ್ಥಳೀಯ ಸಭಾಪಾಲಕರು ಮತ್ತು ಹಿರಿಯರು ಸಭೆಗಳನ್ನು ನಡೆಸಿದರು. ಆರಾಧನೆಗೆ ಪಾದ್ರಿ ಬೇಕು, ಕಾರ್ಖಾನೆಗೆ ಬಂಡವಾಳ ಬೇಕು. ಮನೆಪ್ರಾರ್ಥನೆಗೆ ಒಂದು ಪುಸ್ತಕ, ಒಂದು ದೀಪ, ನಾಲ್ಕು ಜನ ಸಾಕು. ಸಂಸ್ಥೆಯ ಬಲವಾದ ಅಂಗಗಳೆಲ್ಲ ಮುರಿದಾಗ ಉಳಿದುದು ಅತ್ಯಂತ ಚಿಕ್ಕದಾಗಿದ್ದ ಈ ಅಂಗ. 1947ರಲ್ಲಿ ದಕ್ಷಿಣ ಭಾರತ ಸಭೆ ಅಸ್ತಿತ್ವಕ್ಕೆ ಬಂದು, ಕರ್ನಾಟಕದ ಬಾಸೆಲ್ ಮಿಶನ್ ಸಭೆಗಳು ಹಂತಹಂತವಾಗಿ ಅದರಲ್ಲಿ ಕೂಡಿಕೊಂಡಾಗ, ಅವು ತಮ್ಮೊಡನೆ ಒಯ್ದ ಆಸ್ತಿಗಳಲ್ಲಿ ಕಟ್ಟಡಗಳಿಗಿಂತ ಈ ರೂಢಿಯೇ ಹಳೆಯದಾಗಿತ್ತು.

ಸಮಾರೋಪ

ಮೇಲಿನ ಪರಿಶೀಲನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಕ್ರೈಸ್ತ ಪರಂಪರೆಯಲ್ಲಿ ಸ್ಥಿರವಾದ ಸಂತೋಷವನ್ನು ಕೃಪೆಯ ಕೊಡುಗೆಯೆಂದೂ ಅಭ್ಯಾಸದ ಫಲವೆಂದೂ ಏಕಕಾಲಕ್ಕೆ ಭಾವಿಸಲಾಗಿದೆ. ಈ ಎರಡರಲ್ಲಿ ಒಂದನ್ನು ಕೈಬಿಟ್ಟಾಗಲೆಲ್ಲ ಅದು ಹಾಲೆಯ ನರಳಿಕೆಯತ್ತ ಅಥವಾ ಹೆರ್‌ನ್‌ಹಾಗಿನ ಉನ್ಮಾದದತ್ತ ವಾಲಿದೆ. ಎರಡನೆಯದಾಗಿ, ಕರ್ನಾಟಕದಲ್ಲಿ ಬಾಸೆಲ್ ಮಿಶನ್ನಿನ ಶಾಲೆ, ಮುದ್ರಣಾಲಯ, ಕಾರ್ಖಾನೆಗಳನ್ನು ಬಿಡಿಬಿಡಿಯಾಗಿ ನೋಡುವುದಕ್ಕಿಂತ, ಹಾಡು, ಓದು, ದುಡಿಮೆಗಳನ್ನು ಒಳಗೊಂಡ ಒಂದು ದಿನಚರಿಯ ಅಂಗಗಳೆಂದು ನೋಡಿದಾಗ ಅವುಗಳ ಪರಸ್ಪರ ಸಂಬಂಧ ಹೆಚ್ಚು ಚೆನ್ನಾಗಿ ತಿಳಿಯುತ್ತದೆ. ಮೂರನೆಯದಾಗಿ, ಅದೇ ದಿನಚರಿ ಆಯ್ದುಕೊಂಡವರಿಗೆ ಆಸರೆಯಾದಂತೆ, ಹೇರಲ್ಪಟ್ಟವರಿಗೆ ಹೊರೆಯಾದುದೂ ಉಂಟು.

ಆನಂದಪುರದ ಕೂಲಿಕಾರನಿಗೂ ಜೆಪ್ಪುವಿನ ಹೆಂಚುಗಾರನಿಗೂ ಬೆಂಗೆಲನ ಲೆಕ್ಕಾಚಾರ ತಿಳಿದಿರಲಿಲ್ಲ. ಜಿನ್ಜೆನ್‌ಡಾರ್ಫನ ಹೆಸರನ್ನೂ ಅವರು ಕೇಳಿರಲಾರರು. ಆದರೆ ಹಗಲ ದುಡಿಮೆ ಮುಗಿದು, ದೀಪದ ಸುತ್ತ ಮನೆಯವರು ಕುಳಿತು, ಮಗಳು ತಡವರಿಸುತ್ತ ಓದಿದ ವಾಕ್ಯಕ್ಕೆ ಎಲ್ಲರೂ ತಲೆಬಾಗಿದ ಗಳಿಗೆಯಲ್ಲಿ, ಈಜಿಪ್ಟಿನ ಮರುಭೂಮಿಯಿಂದ ಹೊರಟ ಒಂದು ದೀರ್ಘ ಪರಂಪರೆ ಕನ್ನಡದ ಮನೆಯೊಂದನ್ನು ತಲುಪಿತ್ತು. ಆ ಗಳಿಗೆಯ ಇತಿಹಾಸ ಯಾವ ದಫ್ತರದಲ್ಲಿಯೂ ದಾಖಲಾಗುವಂಥದಲ್ಲ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮಿಶನ್ ಚರಿತ್ರೆಯನ್ನು ಬರೆಯುವುದು ಮಾತ್ರ ಅಪೂರ್ಣವೇ ಸರಿ.